ಲಿಂಕರ್‌ಗೆ ಹೇಳಿದ ಸುಳ್ಳು

ಹೆದರಿಕೆ ನನಗೆ ಹುಟ್ಟುಗುಣ. ಚೇಳಿಗೆ ಹೆದರುತ್ತೇನೆ, ಟೆಲಿಫೋನಿಗೆ ಹೆದರುತ್ತೇನೆ, ಸಿರುಗುಪ್ಪದ ಹತ್ತಿರದ ದೇಶನೂರಿನ ನಮ್ಮ ಮಾವನವರಿಗಂತೂ ಅವರು ಸುಮ್ಮನೆ ಕೆಮ್ಮಿದರೂ ಹೆದರುತ್ತೇನೆ. ಕುರುಗೋಡಿನಲ್ಲಿದ್ದಾಗ ನಮ್ಮ ಅವ್ವ, "ಇಂವಗ ಒಂದೀಟು ಧೈರ್ಯ ಬರ್ಲೆಪ್ಪಾ" ಎಂದು ಬೇಡಿಕೊಂಡು ನನಗೆ ತಾಯಿತ ಕಟ್ಟಿಸಿದ್ದಳು. ತಾಯಿತ ಎಲ್ಲಿ ಕಳೆದೀತೋ ಎಂಬ ಹೆದರಿಕೆ ಹೊಸದಾಗಿ ಸೇರಿಕೊಂಡಿತೇ ಹೊರತು ಬೇರೆ ಫಲ ಕಾಣಲಿಲ್ಲ. ಇಂಥವನ ಮುಂದೆ ಎಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರೊಂದನ್ನು ತಂದಿಟ್ಟು, "ಇನ್ನ ಇದನ್ನ ನೀವ ನೋಡ್ಕೊಳ್ರಿ" ಅಂದವರು ನಮ್ಮ ಸಾಹೇಬರು.

ನಮ್ಮದು ಕಾಲುವೆ ನೀರಿನ ಸರದಿ ಗೊತ್ತುಮಾಡುವ, ಬಳ್ಳಾರಿಯ ಒಂದು ಸಣ್ಣ ಕಚೇರಿ. ಬ್ರೂಸ್‌ಪೇಟೆಯ ಗೋಣಿಚೀಲದ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ವಾಸ. ದೂಳು ಒಳಗೆ ಹೋಗಿ ಕೆಟ್ಟೀತೆಂದು ಅದರ ಮುಂದೆ ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಸಾಹೇಬರ ಆಸೆ ಒಳ್ಳೆಯದೇ. ಸಿರುಗುಪ್ಪದ ಕಡೆಯ ಒಂದು ಉಪಕಾಲುವೆಯಲ್ಲಿ ಪ್ರತಿ ಸಲವೂ ತೂಬಿನ ಬಳಿ ಹೊಲವಿದ್ದವರೇ ಮೊದಲು ನೀರು ಹಿಡಿಯುತ್ತಿದ್ದರು. ಕೊನೆಯವರ ಗದ್ದೆಗೆ ನೀರು ಮುಟ್ಟುವ ಹೊತ್ತಿಗೆ ಭತ್ತದ ಸಸಿ ಬಲಿತು, ನಾಟಿಗೆ ಬಾರದಂತಾಗುತ್ತಿತ್ತು. ಈ ಸಲ ಕೊನೆಯವರಿಗೆ ಮೊದಲ ಸರದಿ. ಪಟ್ಟಿಯನ್ನು ಕಂಪ್ಯೂಟರೇ ಮಾಡಬೇಕು, ವಶೀಲಿ ನಡೆಯಿತೆಂದು ಯಾರೂ ಅನ್ನಬಾರದು.

ಹೊಲಗಳನ್ನು ತೂಬಿನಿಂದ ಇರುವ ದೂರದ ಪ್ರಕಾರ ಜೋಡಿಸುವ ಪ್ರೋಗ್ರಾಮನ್ನು ಸ್ವಂತ ಬರೆಯಲು ನನಗೆ ಹೆದರಿಕೆ. ಹೈದರಾಬಾದಿನ ಪರಿಚಯದವರೊಬ್ಬರು ಆ ಕೆಲಸ ಮಾಡುವ ಲೈಬ್ರರಿಯೊಂದನ್ನು ಫ್ಲಾಪಿಯಲ್ಲಿ ಕಳಿಸಿಕೊಟ್ಟರು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಕಪಾಟಲ್ಲ. ಬೇರೆಯವರು ಮಾಡಿಟ್ಟ ಅಡುಗೆಯನ್ನು ನಮ್ಮ ತಟ್ಟೆಗೆ ಬಡಿಸಿಕೊಳ್ಳುವ ಏರ್ಪಾಡು. ತೊಡಕೆಂದರೆ ಅವರ ಯಂತ್ರದ ಮಾದರಿಯೇ ಬೇರೆ, ನಮ್ಮದೇ ಬೇರೆ. ಟ್ರಂಕ್ ಕಾಲ್ ಮಾಡಿ ಕೇಳಿದರೆ "ಏಂ ಕಾದಂಡಿ" ಎಂದು ತೆಲುಗಿನಲ್ಲಿ ಧೈರ್ಯ ಹೇಳಿದರು. ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಆಗಲೇ ಕೈಕಾಲು ತಣ್ಣಗಾಗುತ್ತವೆ.

ಅವರ ಬರಹವನ್ನೂ ನಮ್ಮ ಬರಹವನ್ನೂ ಬೆಸೆಯುವ ಪ್ರೋಗ್ರಾಮಿಗೆ ಲಿಂಕರ್ ಎಂದು ಹೆಸರು. ಅದು ಪರದೆಯ ಮೇಲೆ ಐದು ಕೆಲಸಗಳ ಹೆಸರು ಮೂಡಿಸಿ, ಇವು ಸಿಗುತ್ತಿಲ್ಲ ಎಂದು ಹಟ ಹಿಡಿಯಿತು. ಲೈಬ್ರರಿಗೆ ಬೇಕಾದ ಆ ಐದು ಚಿಲ್ಲರೆ ಕೆಲಸಗಳನ್ನು ಅವರ ಯಂತ್ರ ತಾನೇ ಮಾಡಿಕೊಡುತ್ತಿತ್ತು. ನಮ್ಮ ಯಂತ್ರದಲ್ಲಿ ಅವು ಇರಲೇ ಇಲ್ಲ. ಸಾಹೇಬರು ದಿನಾ ಬಂದು "ಆತೇನ್ರೀ?" ಎನ್ನುವರು. ಆಗಲಿಲ್ಲ ಎನ್ನಲು ಹೆದರಿಕೆ. ಕೊನೆಗೆ ನನ್ನ ಹಳೆಯ ಕೆಲಸ ನೆನಪಿಗೆ ಬಂತು. ಮೊದಲು ನಾನು ಕಾಲುವೆ ಹೂಳೆತ್ತುವ ಗ್ಯಾಂಗಿನ ಹಾಜರಿ ಬರೆಯುತ್ತಿದ್ದೆ. ಬಾರದವನ ಹೆಸರು ಕೂಗಿದರೆ ಪಕ್ಕದವನೇ "ಅದೀನ್ರೀ" ಎನ್ನುತ್ತಿದ್ದ. ಜಗಳಕ್ಕೆ ಹೆದರಿ ನಾನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆ. ಲಿಂಕರ್ ಕೂಡ ಹೆಸರು ಕೂಗುತ್ತದೆಯೇ ಹೊರತು ಮುಖ ನೋಡುವುದಿಲ್ಲ. ಅದೇ ಐದು ಹೆಸರಿಟ್ಟು, ಒಳಗೆ ಏನೂ ಇಲ್ಲದ ಐದು ಪ್ರೋಗ್ರಾಮ್ ತುಣುಕು ಬರೆದೆ. ಲಿಂಕರ್ ಕೂಗಿತು, ಐವರೂ ಹಾಜರ್. ಪ್ರಿಂಟರ್ ಕಿರುಗುಟ್ಟುತ್ತ ಪಟ್ಟಿ ಹೊರಹಾಕಿತು. ಸಾಹೇಬರು ರುಜು ಹಾಕಿದರು, ಜೀಪು ಸಿರುಗುಪ್ಪಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕಚೇರಿಯ ಪ್ರತಿ ತೆಗೆದು ನೋಡುತ್ತೇನೆ, ಮೊದಲ ಹೆಸರು ನಮ್ಮ ಮಾವನವರದು! ಅವರ ಹೊಲ ತೂಬಿನ ಬಾಯಲ್ಲೇ ಇದೆ. ಅವರು ಕಟ್ಟಕಡೆಗೆ ಬರಬೇಕಾದವರು. ಎರಡು ಸಾಲುಗಳನ್ನು ಅದಲುಬದಲು ಮಾಡುವ ಕೆಲಸವೇ ಆ ಐದು ಖಾಲಿ ತುಣುಕುಗಳಲ್ಲಿ ಒಂದಾಗಿತ್ತು. ಹಾಗಾಗಿ ಯಾವ ಸಾಲೂ ಜಾಗ ಬಿಟ್ಟು ಕದಲಿರಲಿಲ್ಲ. ನಾನು ಟೈಪ್ ಮಾಡಿದ ಕ್ರಮದಲ್ಲೇ ಎಲ್ಲರೂ ಕೂತಿದ್ದರು. ಎಲ್ಲಿ ಮರೆತುಬಿಟ್ಟೇನೋ ಎಂಬ ಹೆದರಿಕೆಗೆ ನಾನು ಮೊದಲು ಟೈಪ್ ಮಾಡಿದ್ದು ಮಾವನವರನ್ನೇ. ಅಂದೇ ಮಧ್ಯಾಹ್ನ ತೂಬು ಎತ್ತುವವರಿದ್ದರು. ಸಾಹೇಬರು ಊರಲ್ಲಿರಲಿಲ್ಲ. ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೀಳಲಿರುವ ಏಟುಗಳದೇ ಯೋಚನೆ. ಯಾರು ಮೊದಲು ಹೊಡೆಯುತ್ತಾರೆ, ಯಾರು ಆಮೇಲೆ ಎಂಬ ಸರದಿಯನ್ನು ಮಾತ್ರ ನನ್ನ ತಲೆ ಒಂದೂ ತಪ್ಪಿಲ್ಲದೆ ಜೋಡಿಸಿತ್ತು.

ಸಿರುಗುಪ್ಪದ ನೋಟೀಸ್ ಬೋರ್ಡಿನ ಮುಂದೆ ಜನ ನೆರೆದಿದ್ದರು. ಕಾಲುವೆಯ ಕೊನೆಯಲ್ಲಿ ಎರಡೆಕರೆ ಗದ್ದೆಯಿದ್ದ ಹನುಮಕ್ಕ ನಡುವಿನ ಮೇಲೆ ಕೈಯಿಟ್ಟು ನಿಂತಿದ್ದಳು. "ನನ್ನ ಸಸಿ ಮಡ್ಯಾಗ ಮುದಿ ಆಗಾಕ ಹತ್ಯಾವು. ಇನ್ನೂ ಕಾಯಂದ್ರ ಹೆಂಗ್ರಿ? ಕಂಪ್ಯೂಟರಿಗೂ ತೂಬಿನ ಬಾಜೂಕ ಹೊಲ ಐತೇನು?" ಎಂದು ಕೇಳುತ್ತಿದ್ದಳು. ಮಾವನವರು ಮೀಸೆ ತಿರುವುತ್ತ, "ಮೆಷಿನ್ ಹೇಳೇತಿ. ನಾವೇನ್ ಮಾಡಾಕ ಬರ್ತತಿ?" ಎನ್ನುತ್ತಿದ್ದರು.

ಓಡಿಹೋಗೋಣ ಎನಿಸಿತು. ಆದರೆ ಹೆದರಿಕೆಗೆ ಕಾಲು ಕದಲಲಿಲ್ಲ. ನಿಂತ ತಪ್ಪಿಗೆ ಬಾಯಿ ಬಿಡಬೇಕಾಯಿತು. "ಮೆಷಿನ್ದು ತಪ್ಪಲ್ರೀ. ಪಟ್ಟಿ ನಾನ ಕೆಡಿಸೀನಿ" ಎಂದು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ನಗು ಕೇಳಿಸಿತು.

"ನಮ್ಮ ಅಳಿಯಾರಾ?" ಎಂದರು ಮಾವ. "ಹಲ್ಲಿ ಲೊಚ್ಚಂದ್ರ ಒಳಗ ಓಡ್ತಾರ. ಆಫೀಸಿನ ಪಟ್ಟಿ ಕೆಡಿಸೋ ಧೈರ್ಯ ಅವರಿಗೆಲ್ಲಿಂದ ಬರಬೇಕು?"

ಹನುಮಕ್ಕ ನನ್ನ ಒದ್ದೆ ಅಂಗಿ ನೋಡಿ ಮರುಗಿದಳು. "ಪಾಪ, ಸಾಹೇಬ್ರು ಮಾಡಿದ್ದನ್ನ ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕ ಬಂದಾನ. ಎಂಥಾ ಗಂಡಸಪ್ಪಾ!"

ಈ ಸಲ ಕೊನೆಯವರಿಗೇ ಮೊದಲ ಸರದಿ ಎಂದು ಹೇಳಿ ನಾನು ಬೋರ್ಡಿನ ಕೆಳಗೆ ಕುಳಿತೆ. ಹೊಲದ ದೂರವನ್ನು ಅವರವರೇ ಹೇಳುತ್ತ ಹೋದರು, ನಾನು ಪೆನ್ಸಿಲಿನಲ್ಲಿ ಹೊಸ ಪಟ್ಟಿ ಬರೆದೆ. ಅರ್ಧ ಗಂಟೆಯ ಕೆಲಸ. ಹನುಮಕ್ಕ ಮೊದಲು, ಮಾವನವರು ಕಡೆಗೆ. ಮಾವನವರು ಸಾಹೇಬರನ್ನು ಬೈದರೇ ಹೊರತು ನನಗೆ ಒಂದು ಮಾತೂ ಅನ್ನಲಿಲ್ಲ.

ಅಂದಿನಿಂದ ಆ ಕಡೆಯ ಹಳ್ಳಿಗಳಲ್ಲಿ, ಮೇಲಿನವರನ್ನು ಉಳಿಸಲು ತಲೆ ಕೊಟ್ಟ ಧೀರ ಎಂದು ನನಗೆ ಹೆಸರಾಯಿತು. ಕೆಲಸಕ್ಕೆ ಬಾರದವರೆಂದು ಸಾಹೇಬರಿಗೂ ಹೆಸರಾಯಿತು. ಪಾಪ, ಅವರು ಮಾಡಿದ್ದು ರುಜು ಒಂದೇ. ಹೋಗಿ ನಿಜವನ್ನು ಇನ್ನೊಮ್ಮೆ ಹೇಳಿಬರೋಣ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಈ ಸಲ ಜನ ನಂಬಿಬಿಟ್ಟರೆ?