ಕಷ್ಟಕ್ಕೆ ಅಂಕ ಕೊಡುವ ಕೆಲಸ

ವಾರದಲ್ಲಿ ಐದು ದಿನ ಸ್ವೀಡನ್ನಿನ ಟೋರ್ಸ್‌ಲಾಂಡದ ಕಾರ್ ಫ್ಯಾಕ್ಟರಿಯಲ್ಲಿ ಕೂತು, ಹೊಸ ಕಾರು ಎಲ್ಲಿ ಕಿರ್ ಅನ್ನುತ್ತೆ, ಎಲ್ಲಿ ಗಡಗಡ ಅನ್ನುತ್ತೆ ಅಂತ ಕಿವಿಗೊಟ್ಟು ಕೇಳೋದು ನನ್ನ ಉದ್ಯೋಗ. ಶನಿವಾರ ಡ್ರಮ್ ಕೋರ್ ಸ್ಪರ್ಧೆಗಳಲ್ಲಿ ತೀರ್ಪುಗಾರ. ಮೊದಲನೆಯದರಲ್ಲಿ ನನ್ನ ಮಾನ ಇವತ್ತಿನವರೆಗೂ ಹೋಗಿಲ್ಲ. ಎರಡನೆಯದರಲ್ಲಿ ಹೋಗದ ಶನಿವಾರವೇ ಇಲ್ಲ.

ಡ್ರಮ್ ಕೋರ್ ಅಂದರೆ ಮೂವತ್ತು ನಲವತ್ತು ಜನ ತುತ್ತೂರಿ, ಡ್ರಮ್ಮು, ಬಾವುಟ ಹಿಡಿದು, ಫುಟ್‌ಬಾಲ್ ಮೈದಾನದಲ್ಲಿ ನಡೆಯುತ್ತ, ಓಡುತ್ತ, ವೃತ್ತ ಚೌಕ ಕಟ್ಟುತ್ತ ನುಡಿಸೋದು. ನಮ್ಮ ಸ್ಪರ್ಧೆಗೆ ಬರುವವರೆಲ್ಲ ದೊಡ್ಡವರು. ನರ್ಸುಗಳು, ಮೇಷ್ಟ್ರುಗಳು, ಮೊಮ್ಮಕ್ಕಳು ಕಂಡವರು. ಸಂಗೀತ ಎಷ್ಟು ಕಷ್ಟದ್ದು ಅಂತ ಗ್ಯಾಲರಿಯಲ್ಲಿ ಕೂತು ಅಂಕ ಕೊಡುವವರು ಉಪ್ಸಾಲಾದ ಒಬ್ಬ ನಿವೃತ್ತ ಸಂಗೀತ ಶಿಕ್ಷಕಿ. ನಾನು ಮನಸ್ಸಿನಲ್ಲಿ ಅವರನ್ನು ‘ಮೇಡಂ’ ಅಂತೀನಿ. ಸ್ವೀಡನ್ನಿನಲ್ಲಿ ಬಾಯಿ ಬಿಟ್ಟು ಯಾರನ್ನೂ ಹಾಗೆ ಕರೆಯುವ ಹಾಗಿಲ್ಲ, ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಚಲನೆ ಎಷ್ಟು ಕಷ್ಟದ್ದು ಅಂತ ಮೈದಾನದಲ್ಲೇ ಓಡಾಡಿ ನೋಡುವವನು ನಾನು. ಕಾಲೇಜಿನ ಎನ್‌ಸಿಸಿ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸಿದ್ದೆ ಅಂತ ಒಂದು ದಿನ ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ಬಾಯಿ ಬಿಟ್ಟದ್ದೇ ತಪ್ಪಾಯಿತು. ಪಕ್ಕದಲ್ಲಿ ಕೂತಿದ್ದವನು ಸ್ಪರ್ಧೆಯ ಸಂಘಟಕ.

ನಾಲ್ಕನೇ ಸಾಲು

ನನ್ನ ಮೊದಲ ಸ್ಪರ್ಧೆ. ಹೊಸ ನೀಲಿ ಜಾಕೆಟ್ ಹಾಕಿಕೊಂಡು ಹೋಗಿದ್ದೆ. ಕಾಲುಗಳು ಒಟ್ಟಿಗೆ ಏಳುತ್ತವೋ ಇಲ್ಲವೋ ಅಂತ ಹತ್ತಿರದಿಂದ ನೋಡುವ ಉತ್ಸಾಹದಲ್ಲಿ ತಂಡದ ಮಧ್ಯಕ್ಕೇ ನುಗ್ಗಿಬಿಟ್ಟೆ. ಅಷ್ಟರಲ್ಲಿ ಅವರು ತಿರುಗಿದರು. ಮುಂದೆ ಟ್ರಂಪೆಟ್ಟು, ಹಿಂದೆ ದೊಡ್ಡ ಡ್ರಮ್ಮು, ಎರಡು ಕಡೆ ಬಾವುಟ. ಹೊರಗೆ ಬರೋಕೆ ದಾರಿಯೇ ಇಲ್ಲ. ನಿಂತರೆ ಡ್ರಮ್ಮು ಬೆನ್ನಿಗೆ ಹೊಡೆಯುತ್ತೆ. ಸರಿ, ನಾನೂ ನಡೆದೆ. ಅವರು ಎಡಕ್ಕೆ ಅಂದರೆ ಎಡಕ್ಕೆ, ಹಿಂದಕ್ಕೆ ಅಂದರೆ ಹಿಂದಕ್ಕೆ. ಪಕ್ಕದಲ್ಲಿದ್ದ ಬಾವುಟದ ಹೆಂಗಸು ನಗುಮುಖ ಬದಲಿಸದೆ, ತುಟಿಯ ಸಂದಿಯಲ್ಲೇ, ‘ಈಗ ಬಲಕ್ಕೆ ಎಂಟು ಹೆಜ್ಜೆ’ ಅಂತ ಹೇಳಿಕೊಟ್ಟರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಗ್ಯಾಲರಿಯಲ್ಲಿದ್ದ ಮೇಡಂಗೆ ದೂರದ್ದು ಕಾಣೋದು ಅಷ್ಟಕ್ಕಷ್ಟೇ. ಅವರ ಟಿಪ್ಪಣಿಯಲ್ಲಿ ಕೊನೆಯ ಸಾಲು ಹೀಗಿತ್ತು: ‘ತಂಡ ಚೆನ್ನಾಗಿದೆ. ನಾಲ್ಕನೇ ಸಾಲಿನ ನೀಲಿ ಜಾಕೆಟ್ಟಿನವನಿಗೆ ಇನ್ನೂ ಅಭ್ಯಾಸ ಬೇಕು.’

ಬೆಚ್ಚಗಿಡು

ನಾವು ನೋಡುತ್ತಿರುವಾಗಲೇ ನಮ್ಮ ಅಭಿಪ್ರಾಯವನ್ನು ರೆಕಾರ್ಡರಿಗೆ ಹೇಳಬೇಕು. ಆಮೇಲೆ ತಂಡದವರು ಅದನ್ನು ಕೇಳಿ ತಿದ್ದಿಕೊಳ್ಳುತ್ತಾರೆ. ಒಂದು ಸಲ ತಂಡ ಮೈದಾನದಿಂದ ಹೊರಗೆ ಹೋದ ತಕ್ಷಣ ಮನೆಯಿಂದ ಹೆಂಡತಿಯ ಫೋನು. ರೆಕಾರ್ಡರ್ ನಿಲ್ಲಿಸೋದು ಮರೆತೆ.

‘ರೀ, ಹೆಪ್ಪು ಹಾಕಿದ್ದು ಕಟ್ಟೇ ಇಲ್ಲ.’

‘ಈ ಚಳೀಲಿ ಹೇಗೆ ಕಟ್ಟುತ್ತೆ? ಬೆಚ್ಚಗಿಡು. ಮುಚ್ಚಿಡು. ಪದೇ ಪದೇ ಅಲ್ಲಾಡಿಸ್ಬೇಡ!’

ಮೂರು ವಾರ ಬಿಟ್ಟು ಆ ತಂಡದಿಂದ ಇಮೇಲ್ ಬಂತು. ಕೊನೆಯ ಸಲಹೆ ನಿಮ್ಮ ಭಾಷೆಯಲ್ಲಿತ್ತು, ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿರುವ ಕನ್ನಡದ ಹುಡುಗಿಯೊಬ್ಬಳನ್ನು ಹುಡುಕಿ ಅರ್ಥ ಮಾಡಿಸಿಕೊಂಡೆವು ಅಂತ ಬರೆದಿದ್ದರು. ಅವತ್ತಿನಿಂದ ಪ್ರದರ್ಶನಕ್ಕೆ ಮೊದಲು ತುತ್ತೂರಿಗಳನ್ನೆಲ್ಲ ಕಂಬಳಿ ಮುಚ್ಚಿ ಬೆಚ್ಚಗಿಡುತ್ತಿದ್ದಾರಂತೆ, ಅಲ್ಲಾಡಿಸುವುದಿಲ್ಲವಂತೆ. ಶ್ರುತಿ ಎಷ್ಟೋ ಸುಧಾರಿಸಿದೆಯಂತೆ. ‘ಇಷ್ಟು ವರ್ಷದಲ್ಲಿ ಯಾವ ತೀರ್ಪುಗಾರರೂ ಇಷ್ಟು ಉಪಯೋಗದ ಮಾತು ಹೇಳಿರಲಿಲ್ಲ.’

ಹೆಮ್ಮೆಯಿಂದ ಹೆಂಡತಿಗೆ ಓದಿ ಹೇಳಿದೆ. ‘ಅವರಿಗಾದ್ರೂ ಉಪಯೋಗ ಆಯ್ತಲ್ಲ,’ ಅಂದಳು. ‘ನನ್ನ ಮೊಸರು ಕೊನೆಗೂ ಕಟ್ಲಿಲ್ಲ.’

ಜಡ್ಜ್ ಸಾಹೇಬರು

ಸ್ವೀಡಿಷಿನಲ್ಲಿ ಕೋರ್ಟಿನ ಜಡ್ಜೂ ‘ದೂಮಾರೆ’, ಆಟದ ರೆಫರಿಯೂ ‘ದೂಮಾರೆ’. ಇಲ್ಲೇ ಬೆಳೆದ ನನ್ನ ಮಗಳು, ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದ ಈದ್ ಊಟದಲ್ಲಿ, ‘ನಿಮ್ಮ ಅಬ್ಬಾ ವೀಕೆಂಡಲ್ಲಿ ಎಲ್ಲಿ ಮಾಯ ಆಗ್ತಾರೆ?’ ಅಂತ ಕೇಳಿದವರಿಗೆಲ್ಲ ‘ಅಬ್ಬಾ ದೂಮಾರೆ’ ಅಂದುಬಿಟ್ಟಿದ್ದಾಳೆ.

ಬಿರಿಯಾನಿ ಮುಗಿಯುವಷ್ಟರಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆಯೇ ಬೇರೆ. ಒಳ್ಳೆ ಕುರ್ಚಿ ಬಂತು, ಎರಡನೇ ಸಲ ಶೀರ್ ಖುರ್ಮಾ ಬಂತು. ಆಮೇಲೆ ಒಬ್ಬ ಐಟಿ ಹುಡುಗ, ಮದುವೆಯಾಗಿ ಆರು ತಿಂಗಳಾಗಿತ್ತಷ್ಟೆ, ನನ್ನನ್ನು ಬಾಲ್ಕನಿಗೆ ಕರೆದ.

‘ಸರ್, ನಮ್ಮ ಬಾಡಿಗೆ ಮನೆ ಅಡುಗೆಮನೆ ನಲ್ಲಿ ಕೆಟ್ಟು ಮೂರು ತಿಂಗಳಾಯ್ತು. ಬಾತ್‌ರೂಮಲ್ಲಿ ಪಾತ್ರೆ ತೊಳೀತಿದೀವಿ. ಕಂಪ್ಲೇಂಟ್ ಕೊಟ್ರೆ ನೋಡ್ತೀವಿ ನೋಡ್ತೀವಿ ಅಂತಾರೆ. ನೀವೇ ಒಂದು ಜಡ್ಜ್‌ಮೆಂಟ್ ಹೇಳ್ಬೇಕು.’

‘ಅಯ್ಯೋ, ನಾನು ಅಂಥ ಜಡ್ಜ್ ಅಲ್ಲಪ್ಪ. ಡ್ರಮ್ ಬಾರಿಸೋರು ನಡೆಯೋದನ್ನ ನೋಡಿ ಅಂಕ ಕೊಡೋನು.’

‘ಯಾವ ಸೆಕ್ಷನ್ ಆದ್ರೂ ಪರವಾಗಿಲ್ಲ ಸರ್. ನಿಮಗೆ ಏನನ್ಸುತ್ತೆ ಹೇಳಿ.’

ಅವನ ಮುಖ ನೋಡಿ ಪಾಪ ಅನ್ನಿಸಿತು. ಸುಮ್ಮನೆ ಕಳಿಸೋಕೆ ಮನಸ್ಸಾಗಲಿಲ್ಲ. ನನಗೆ ಗೊತ್ತಿರುವ ತೀರ್ಪನ್ನೇ ಕೊಟ್ಟೆ: ‘ಕಷ್ಟಕ್ಕೆ ಹತ್ತಕ್ಕೆ ಒಂಬತ್ತು. ಚಲನೆಗೆ ಸೊನ್ನೆ.’

ಕಾಣುವ ಕಷ್ಟ

ಎಪ್ಪತ್ತೊಂದು ವರ್ಷದ ಒಬ್ಬರು, ಮುಂಚೆ ಟ್ರಾಮ್ ಓಡಿಸುತ್ತಿದ್ದವರು, ಪ್ರದರ್ಶನ ಮುಗಿದ ಮೇಲೆ ಟ್ಯೂಬಾ ಹೊತ್ತುಕೊಂಡೇ ನನ್ನ ಹತ್ತಿರ ಬಂದರು. ಟ್ಯೂಬಾ ಅಂದರೆ ಹಂಡೆಯಷ್ಟು ದಪ್ಪ ಬಾಯಿಯ ತುತ್ತೂರಿ.

‘ಚಲನೆಯ ಕಷ್ಟಕ್ಕೆ ಯಾಕೆ ಇಷ್ಟು ಕಡಿಮೆ?’

‘ನೀವು ಹಿಂದಕ್ಕೆ ಹನ್ನೆರಡು ಹೆಜ್ಜೆ ನಡೆದಿರಿ. ಅದು ಸುಲಭದ ಚಲನೆ ಅಂತ ನಿಯಮದಲ್ಲಿದೆ.’

‘ನನ್ನ ಸೊಂಟದ ಕೀಲು ಬದಲಾಯಿಸಿ ಐದು ತಿಂಗಳಾಯಿತು.’

ಅವರನ್ನು ಕರೆದುಕೊಂಡು ಮುಖ್ಯ ತೀರ್ಪುಗಾರರ ಹತ್ತಿರ ಹೋದೆ, ವಾದ ಮಾಡಿದೆ. ಅವರೂ ಕೆಟ್ಟವರಲ್ಲ, ಆದರೆ ಪುಸ್ತಕ ತೆರೆದು ತೋರಿಸಿದರು: ತೀರ್ಪುಗಾರ ಕಣ್ಣಿಗೆ ಕಂಡ ಕಷ್ಟಕ್ಕೆ ಮಾತ್ರ ಅಂಕ ಕೊಡಬೇಕು. ಟ್ಯೂಬಾದವರು ಗಂಭೀರವಾಗಿ ಕೇಳಿಸಿಕೊಂಡು, ‘ಸರಿ, ನ್ಯಾಯ,’ ಅಂತ ಕೈಕುಲುಕಿ ಹೋದರು.

ಮರುವರ್ಷ ಅದೇ ತಂಡ ಮೈದಾನಕ್ಕಿಳಿಯಿತು. ಟ್ಯೂಬಾದವರು ಹಿಂದಕ್ಕೆ ಹನ್ನೆರಡು ಹೆಜ್ಜೆ ನಡೆದು ಬಂದು, ನನ್ನ ಕಡೆಗೇ ತಿರುಗಿ ನಿಂತರು. ಟ್ಯೂಬಾದ ಬಾಯಿಗೆ ಅಡ್ಡಲಾಗಿ, ಟೇಪ್ ಹಾಕಿ ಅಂಟಿಸಿತ್ತು, ಅವರ ಸೊಂಟದ ಎಕ್ಸ್-ರೇ.

ಕೊನೆಯ ಢಂ

ಉಪ್ಸಾಲಾದಲ್ಲಿ ಫೈನಲ್. ಸ್ಟಾಕ್‌ಹೋಮ್ ಕಡೆಯ ಒಂದು ತಂಡ, ವರ್ಷವಿಡೀ ಶಾಲೆಯ ಪಾರ್ಕಿಂಗಿನಲ್ಲಿ ಅಭ್ಯಾಸ ಮಾಡಿದವರು. ಅವರಲ್ಲಿ ಮೂವತ್ತು ಜನ. ಸಮಯ ಬಂದಾಗ ಮೈದಾನದಲ್ಲಿದ್ದವರು ಹನ್ನೊಂದು. ಉಳಿದವರ ರೈಲು ದಾರಿಯಲ್ಲಿ ಕೆಟ್ಟು ನಿಂತಿದೆ. ಅದರ ಬದಲಿಗೆ ಬಿಟ್ಟ ಬಸ್ಸು ಯಾವಾಗ ಬರುತ್ತೋ ಗೊತ್ತಿಲ್ಲ. ತಡಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ. ತಂಡದ ನಾಯಕಿ, ಆಸ್ಪತ್ರೆಯ ನರ್ಸು, ಕಣ್ಣೀರು ತಡೆದುಕೊಂಡು, ‘ಇರುವಷ್ಟು ಜನ ಆಡಬಹುದಾ?’ ಅಂತ ನನ್ನನ್ನು ಕೇಳಿದರು. ಆಡಬಾರದು ಅಂತ ಎಲ್ಲೂ ಬರೆದಿರಲಿಲ್ಲ.

ಆಡಿದರು. ಬರದವರ ಜಾಗ ಹಾಗೇ ಖಾಲಿ ಬಿಟ್ಟು, ಅಲ್ಲಿ ಜನ ನಿಂತಿದ್ದಾರೇನೋ ಅನ್ನುವಂತೆ ಸುತ್ತುವರಿದು, ಸಂದಿಯಲ್ಲಿ ನುಸುಳಿ ನಡೆದರು. ಪ್ರದರ್ಶನ ಅರ್ಧ ಮುಗಿಯುವಷ್ಟರಲ್ಲಿ ಗೇಟಿನಿಂದ ಒಬ್ಬ ಓಡಿ ಬಂದು ತನ್ನ ಖಾಲಿ ಜಾಗದಲ್ಲಿ ನಿಂತು ಟ್ರಂಪೆಟ್ ಊದಿದ. ಆಮೇಲೆ ಇಬ್ಬರು. ಒಬ್ಬಳ ಬೆನ್ನಿನಲ್ಲಿ ಇನ್ನೂ ಬ್ಯಾಗು, ಒಬ್ಬನ ತಲೆಯಲ್ಲಿ ಸೈಕಲ್ ಹೆಲ್ಮೆಟ್ಟು. ಒಂದೊಂದೇ ಜಾಗ ತುಂಬುತ್ತ ಸಂಗೀತ ದೊಡ್ಡದಾಗುತ್ತ ಹೋಯಿತು. ಕೊನೆಯ ಸ್ವರ ನಿಂತು ಮೈದಾನ ನಿಶ್ಶಬ್ದವಾಗುವ ಹೊತ್ತಿಗೆ ದೊಡ್ಡ ಡ್ರಮ್ಮಿನವನು ಏದುಸಿರು ಬಿಡುತ್ತ ಬಂದು, ತನ್ನ ಜಾಗದಲ್ಲಿ ನಿಂತು, ಒಂದೇ ಒಂದು ಏಟು ಕೊಟ್ಟ. ಢಂ!

‘ಯಾಕಪ್ಪ ಹೊಡೆದೆ?’ ಅಂತ ಆಮೇಲೆ ಕೇಳಿದೆ. ‘ಅಷ್ಟು ದೂರದಿಂದ ಹೊತ್ತುಕೊಂಡು ಬಂದಿದೀನಿ. ಒಂದಾದ್ರೂ ಹೊಡೀಬೇಡ್ವಾ?’ ಅಂದ.

ತೀರ್ಪಿನ ಕೋಣೆಯಲ್ಲಿ ಮೇಡಂ ಅಳುತ್ತಿದ್ದರು. ‘ಎಂಥ ಕಲ್ಪನೆ! ಮೊದಲು ಖಾಲಿ ಜಾಗಗಳು, ಆಮೇಲೆ ಒಬ್ಬೊಬ್ಬರಾಗಿ ಮರಳಿ ಬರುವುದು. ಕೊನೆಯ ಆ ಒಂಟಿ ಢಂ! ಸಂಗೀತದ ಕಷ್ಟಕ್ಕೆ ನಾನು ಇಷ್ಟು ಅಂಕ ಯಾವತ್ತೂ ಕೊಟ್ಟಿಲ್ಲ.’

ಹೇಳಿದರೆ ಹನ್ನೊಂದು ಜನರ ಧೈರ್ಯಕ್ಕೆ ಕಲ್ಲು ಹಾಕಿದ ಹಾಗೆ, ಹೇಳದಿದ್ದರೆ ಮೋಸ. ಕೊನೆಗೆ ಹೇಳಿದೆ. ‘ಅದು ಕಲ್ಪನೆಯಲ್ಲ. ರೈಲು ಕೆಟ್ಟಿತ್ತು, ಉಳಿದವರು ಬಸ್ಸಿನಲ್ಲಿ ಬಂದರು.’

ಮೇಡಂ ಕನ್ನಡಕ ಒರೆಸಿಕೊಂಡರು. ‘ಆ ದೊಡ್ಡ ಡ್ರಮ್ಮು? ಅದೂ ಬಸ್ಸಿನಲ್ಲೇ ಬಂತಾ?’

‘ಹೂಂ. ನಿಂತ್ಕೊಂಡು ಬಂದಿದಾನೆ.’

ಅವರು ಪೆನ್ಸಿಲ್ ಎತ್ತಿಕೊಂಡರು. ಅಂಕ ಕಳೆಯುತ್ತಾರೆ ಅಂದುಕೊಂಡೆ. ಇನ್ನೂ ಅರ್ಧ ಅಂಕ ಸೇರಿಸಿದರು. ತಂಡ ಗೆದ್ದಿತು. ನರ್ಸಮ್ಮ ನನ್ನನ್ನೂ ಮೇಡಂ ಅವರನ್ನೂ ಒಟ್ಟಿಗೆ ತಬ್ಬಿಕೊಂಡರು.

ಮರುವರ್ಷದ ಫೈನಲ್ಲಿಗೆ ಮೂರು ತಂಡಗಳು ಅರ್ಧ ಜನರನ್ನು ಬೇಕೆಂದೇ ಗೇಟಿನ ಹೊರಗೆ ನಿಲ್ಲಿಸಿಕೊಂಡು ಬಂದಿದ್ದವು. ಗೆದ್ದಿದ್ದ ತಂಡದವರು ಮಾತ್ರ ಬೆಳಗಿನ ಮೊದಲ ರೈಲಿಗೇ ಹತ್ತಿ, ಮೂವತ್ತೂ ಜನ ಸಮಯಕ್ಕೆ ಸರಿಯಾಗಿ ಬಂದು, ಒಂದು ಹೆಜ್ಜೆಯೂ ತಪ್ಪದ ಹಾಗೆ ಆಡಿ, ಕೊನೆಯ ಸ್ಥಾನಕ್ಕೆ ಹೋದರು. ಮೇಡಂ ಬರೆದಿದ್ದರು: ‘ಎಲ್ಲ ಸರಿಯಾಗಿದೆ. ಆದರೆ ಎಲ್ಲರೂ ಮೊದಲೇ ಬಂದು ನಿಂತಿದ್ದರಿಂದ ಕುತೂಹಲವಿಲ್ಲ.’