ಡಬ್ಬ ಭರ್ತಿ, ಇಳಿಕೆ ಶೂನ್ಯ

ಇನ್ನು ಮುಂದೆ ನಮ್ಮ ಕಾರಿನ ಬಾನೆಟ್ಟಿಗೆ ಮೆಕ್ಯಾನಿಕ್ಕೆಂಬ ಪರಪುರುಷರ ಕೈ ಸೋಕಕೂಡದು ಎಂದು ನಾನು ಭೀಷಣ ಪ್ರತಿಜ್ಞೆ ಮಾಡಿ ಮೂರು ತಿಂಗಳಾಗಿತ್ತು. ಪ್ರತಿಜ್ಞೆ ಮಾಡುವಾಗಲೂ ಸುಸ್ತಾಗಿಯೇ ಇದ್ದೆ ಅನ್ನಿ. ಹದಿನೆಂಟು ವರ್ಷದ ಕಾರು ಇಟ್ಟುಕೊಂಡವರಿಗೆ ಸುಸ್ತು ಕಾರಿನ ಜೊತೆಗೇ ಬಿಟ್ಟಿಯಾಗಿ ಬರುತ್ತದೆ.

ಕಾರು ನಮ್ಮ ಮಾವನವರದು. ಕಣ್ಣು ಮಂಜಾಗುವ ತನಕ ಅವರೇ ಓಡಿಸಿದರು. ಆಮೇಲೆ ನಮ್ಮ ಮನೆಗೇ ಬಂದು ನೆಲೆಸಿ, ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಮಗಳನ್ನ ಕೊಡುವಾಗ್ಲೂ ನಾನು ಇಷ್ಟು ಯೋಚನೆ ಮಾಡಿರ್ಲಿಲ್ಲ ಅಳಿಯಂದ್ರೇ" ಎಂದು ಕಣ್ಣೊರೆಸಿಕೊಂಡರು. ಪಕ್ಕದಲ್ಲೇ ನಿಂತಿದ್ದ ಮಗಳು ಅಂದಿನಿಂದ ಆ ಕಾರನ್ನು ಸವತಿಯಂತೆ ನೋಡುತ್ತಾಳೆ.

ಪ್ರತಿಜ್ಞೆಯ ಜೊತೆ ಒಂದು ನೋಟ್‌ಬುಕ್ಕೂ ಶುರುವಾಯಿತು. ಬಾನೆಟ್ಟಿನೊಳಗೆ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬವಿದೆ. ಅದರಲ್ಲಿ ಕೂಲಂಟ್ ಎಂಬ ಹಸಿರು ನೀರು. ಎಂಜಿನ್ನಿನ ಜ್ವರ ಇಳಿಸುವ ಕೆಲಸ ಅದರದು. ಪ್ರತಿ ಭಾನುವಾರ ಬೆಳಿಗ್ಗೆ ನಾನು ಬಾನೆಟ್ ಎತ್ತಿ, ಡಬ್ಬವನ್ನು ದಿಟ್ಟಿಸಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: "ಡಬ್ಬ ಭರ್ತಿ. ಇಳಿಕೆ ಶೂನ್ಯ." ಕೆಳಗೆ ಸಹಿ! ಹನ್ನೆರಡು ವಾರ, ಹನ್ನೆರಡು ಸಹಿ, ಒಂದು ಹನಿಯೂ ಇಳಿದಿರಲಿಲ್ಲ. ಹಸಿರು ಮಾತ್ರ ವಾರದಿಂದ ವಾರಕ್ಕೆ ತೆಳುವಾಗುತ್ತಿತ್ತು. ವಯಸ್ಸಾದ ಮೇಲೆ ಯಾರ ಬಣ್ಣ ತಾನೇ ಉಳಿಯುತ್ತದೆ ಎಂದು ಸುಮ್ಮನಾದೆ.

"ನೋಡೇ, ಹೊಸ ಕಾರುಗಳೂ ಹೀಗಿರಲ್ಲ! ಮೂರು ತಿಂಗಳಿಂದ ಒಂದು ತೊಟ್ಟು ಕುಡಿದಿಲ್ಲ!"

"ಹೌದೌದು" ಎಂದಳು ಹೆಂಡತಿ, ಯಾಕೋ ಮುಖ ಆ ಕಡೆ ತಿರುಗಿಸಿ.

ಹದಿಮೂರನೆಯ ಭಾನುವಾರದ ವಿಷಯ ನಿಮ್ಮಲ್ಲೇ ಇರಲಿ. ಅವತ್ತು ಸುಸ್ತೋ ಸುಸ್ತು. ಹನ್ನೆರಡು ವಾರ ಭರ್ತಿಯಿದ್ದ ಡಬ್ಬ ಹದಿಮೂರನೆಯ ವಾರ ಎಲ್ಲಿಗೆ ಹೋಗುತ್ತದೆ? ಸೋಫಾದ ಮೇಲೆ ಕೂತಲ್ಲೇ "ಡಬ್ಬ ಭರ್ತಿ" ಬರೆದು, ಸಹಿ ಒತ್ತಿ, ಕಾಲು ಚಾಚಿದೆ.

ಮಾರನೆಯ ದಿನ ಕಾರಿನಡಿ ಒಂದು ಅಂಗೈಯಗಲ ನೀರು ಕಂಡಿತು. ಮರುದಿನವೇ, ಮಂಗಳವಾರ ಹನ್ನೊಂದಕ್ಕೆ, ಹೆಂಡತಿಯ ಸಂದರ್ಶನ. ಅವಳು ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರ್. ಪೈಪು ಸೋರುವುದನ್ನು ಹುಡುಕಿ ತಡೆಯುವ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಎರಡು ಸಲ ಆ ಕುರ್ಚಿ ಕೈಗೆ ಬಂದದ್ದು ಬಾಯಿಗೆ ಬಂದಿರಲಿಲ್ಲ. ಇದು ಮೂರನೆಯ ಸಲ, ವಯಸ್ಸಿನ ಮಿತಿಯ ಪ್ರಕಾರ ಕೊನೆಯದೂ ಹೌದು. ವಾರದಿಂದ ಕಡತಗಳ ಮಧ್ಯೆ ಮುಳುಗಿದ್ದವಳು ತಲೆ ಎತ್ತಿರಲಿಲ್ಲ.

ನೀರು ನೋಡಿ ನಾನು ಬಿಳಿ ರಟ್ಟೊಂದನ್ನು ಕಾರಿನಡಿ ತಳ್ಳಿದೆ. ಒಂದು ಗಂಟೆ ಬಿಟ್ಟು ಎಳೆದು ನೋಡಿದರೆ ಒದ್ದೆ, ಆದರೆ ಹಸಿರಿಲ್ಲ! ನನ್ನೊಳಗಿನ ಪತ್ತೇದಾರ ಎದ್ದು ನಿಂತ. ಕೂಲಂಟ್ ಹಸಿರು. ಇದು ಹಸಿರಲ್ಲ. ಆದ್ದರಿಂದ ಇದು ಕೂಲಂಟಲ್ಲ!

"ಏಸಿ ನೀರು ಕಣೇ!" ಎಂದು ಘೋಷಿಸಿದೆ.

"ನಮ್ಮ ಕಾರಿನ ಏಸಿ ಸತ್ತು ಎರಡು ವರ್ಷ ಆಯ್ತಲ್ರೀ?"

"ಹಳೇ ನೀರು ಇರ್ಬೇಕು."

"ನಾಳೆ ಟ್ಯಾಕ್ಸಿಯಲ್ಲಿ ಹೋಗ್ತೀನಿ ಬಿಡ್ರೀ."

"ನಾನು ಬದುಕಿರುವಾಗ ಟ್ಯಾಕ್ಸಿಯೇ? ನಾಳೆ ಈ ಕಾರು ಕೈಕೊಟ್ರೆ ಬೀಗದಕೈ ನಿನ್ನ ಕೈಗಿಟ್ಟು ಜನ್ಮವಿಡೀ ಬಸ್ಸಲ್ಲಿ ಓಡಾಡ್ತೀನಿ!"

ಒಳಕೋಣೆಯಲ್ಲಿ ಸೊಂಟ ಉಳುಕಿ ವಾರದಿಂದ ಮಲಗಿದ್ದ ಮಾವನವರು, "ಅಳಿಯಂದ್ರೇ, ಒಂದ್ಸಲ ಡಬ್ಬ ನೋಡ್ಬಿಡಿ" ಎಂದು ನರಳಿದರು. ನಾನು ನೋಟ್‌ಬುಕ್ ತೋರಿಸಿ ಅವರ ಬಾಯಿ ಮುಚ್ಚಿಸಿದೆ.

ಮಂಗಳವಾರ ಹತ್ತಕ್ಕೆ ಹೊರಟೆವು. ಇಸ್ತ್ರಿ ಮಾಡಿದ ಸೀರೆ ಸುಕ್ಕಾಗದಂತೆ ಅವಳು ಸೀಟಿನ ತುದಿಯಲ್ಲಿ, ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತಳು. ಫೈಲಿನ ಮೇಲೆ ನನ್ನ ನೋಟ್‌ಬುಕ್ಕನ್ನೂ ಇಟ್ಟೆ, ಬೇಜಾರಾದರೆ ಓದಿಕೊಳ್ಳಲಿ ಎಂದು.

"ರೀ, ಏನೋ ಸುಟ್ಟ ವಾಸನೆ."

"ಮುಂದಿನ ಲಾರಿದು."

"ಮುಂದೆ ಲಾರಿನೇ ಇಲ್ವಲ್ರೀ!"

"ಮುಂದೆ ಹೋಗ್ಬಿಟ್ಟಿದೆ."

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೊದಲು ಸ್ವಲ್ಪ ಏರಿ ಆಮೇಲೆ ಸರ್ರನೆ ಇಳಿದು ತಳದಲ್ಲಿ ಮಲಗಿತು. "ನೋಡು, ಎಷ್ಟು ತಣ್ಣಗಿದೆ!" ಎಂದು ನಾನು ಬೀಗುತ್ತಿರುವಾಗಲೇ ಕಾರು ಟಕಟಕ ಎಂದು ಹಲ್ಲು ಕಡಿದು, ಮೇಲ್ಸೇತುವೆಯ ನಡುಮಧ್ಯದ ಏರಿನಲ್ಲಿ ನಿಂತೇಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹೊಗೆ! ಹಿಂದಿನವರೆಲ್ಲ ಹಾರನ್ ಬಾರಿಸಿ ನನ್ನ ವಂಶವನ್ನು ಕೊಂಡಾಡಿದರು.

ಅತ್ತ ದರಿ, ಇತ್ತ ಪುಲಿ. ಪ್ರತಿಜ್ಞೆಯನ್ನು ಜೇಬಿಗಿಟ್ಟು ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ನಮ್ಮ ಬೀದಿಯವರು ಅವನನ್ನು ಡಾಕ್ಟರು ಎಂದೇ ಕರೆಯುವುದು. ಹತ್ತೂವರೆಗೆ ಸ್ಕೂಟರಿನಲ್ಲಿ ಬಂದ. ಬಾನೆಟ್ ಎತ್ತಿ, ಮೂಸಿ, ಬಗ್ಗಿ, ಆ ಹಸಿರು ನೀರನ್ನು ಎಂಜಿನ್ನಿಗೆ ಸುತ್ತಿಸುವ ಪಂಪಿನ ಕೆಳಗಿದ್ದ ಒಂದೇ ಒಂದು ಹನಿಯನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದ.

"ಒಳಗೆ ನೀರೇ ಇಲ್ಲ ಸಾರ್. ಎಂಜಿನ್ ಬೆಂದುಹೋಗಿದೆ."

"ಮುಳ್ಳು ತಣ್ಣಗೆ ತೋರಿಸ್ತಿತ್ತಲ್ಲಪ್ಪಾ?"

"ಮುಳ್ಳಿಗೆ ಬಿಸಿ ತಿಳೀಬೇಕಾದ್ರೂ ಒಳಗೆ ನೀರಿರ್ಬೇಕು ಸಾರ್." ಅವನು ಕೈ ಒರೆಸಿಕೊಂಡ. "ಈ ಪಂಪ್ ಸೋರೋಕೆ ಶುರುವಾಗಿ ಮೂರು ತಿಂಗಳಾದ್ರೂ ಆಗಿದೆ. ಈ ಹನಿ ನೋಡಿ, ಕೂಲಂಟಲ್ಲ, ಬರೀ ನಲ್ಲಿ ನೀರು. ಇಷ್ಟು ದಿನ ಯಾರು ತುಂಬಿಸ್ತಿದ್ದಿದ್ದು?"

"ಯಾರೂ ಇಲ್ಲ! ಬೇಕಾದ್ರೆ ನನ್ನ ನೋಟ್‌ಬುಕ್—"

"ನಾನು" ಎಂದಳು ಹೆಂಡತಿ.

ನಾನು ನೋಟ್‌ಬುಕ್ಕಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

"ಶನಿವಾರ ಶನಿವಾರ ಒಂದೊಂದು ಚೊಂಬು ಹಾಕ್ತಿದ್ದೆ. ಸೋರ್ತಿದೆ ಅಂತ ನಿಮಗೆ ಹೇಳಿದ್ರೆ ನೀವು ಎಂಜಿನ್ ಬಿಚ್ಚಿ ನಡುಮನೆ ತುಂಬ ಹರಡ್ತಿದ್ರಿ. ಹೋದ ಸಲ ಮಿಕ್ಸಿ ರಿಪೇರಿ ಮಾಡಿ ಐದು ಸ್ಕ್ರೂ ಉಳಿಸಿದ್ರಲ್ಲ, ನೆನಪಿದ್ಯಾ? ಈ ವಾರ ಓದ್ಕೊಳ್ತಾ ಮರೆತೇಹೋಯ್ತು."

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು, ಸ್ಪೀಕರಿಗೆ ಹಾಕಿದಳು. ಮಾವನವರು. "ತಲುಪಿದ್ರಾ ಮಗಳೇ?"

"ಇಲ್ಲಪ್ಪಾ, ಕಾರು ನಿಂತ್ಹೋಯ್ತು. ನೀರಿಲ್ವಂತೆ."

ಆ ಕಡೆ ಒಂದು ನಿಟ್ಟುಸಿರು. "ಅಯ್ಯೋ, ನನ್ನಿಂದಲೇ ಆಯ್ತು. ದಿನಾ ಬೆಳಿಗ್ಗೆ ವಾಕಿಂಗಿಗೆ ಹೋಗುವಾಗ ನಾನೇ ಒಂದು ಬಾಟ್ಲಿ ಹಾಕ್ತಿದ್ದೆ. ಸೋರ್ತಿದೆ ಅಂತ ಗೊತ್ತಾದ್ರೆ ನೀವು ಮಾರ್ಬಿಡ್ತೀರ ಅಂತ ಭಯ. ಈ ವಾರ ಸೊಂಟ ಬಗ್ಗಲಿಲ್ಲ ಮಗಳೇ."

ಡಾಕ್ಟರು ನಮ್ಮಿಬ್ಬರನ್ನೂ ನೋಡಿ, "ನಿಮ್ಮ ಮನೇಲಿ ಒಬ್ಬರಿಗೊಬ್ಬರು ಮಾತಾಡೋದೇ ಇಲ್ವಾ ಸಾರ್?" ಎಂದ. ಬಯ್ದಿದ್ದರಾದರೂ ತಡೆದುಕೊಳ್ಳಬಹುದಿತ್ತು.

"ಡಾಕ್ಟ್ರೇ, ಹನ್ನೊಂದಕ್ಕೆ ಗೇಟು ಹಾಕ್ತಾರೆ. ಸ್ಕೂಟರಲ್ಲಿ ಬಿಡ್ತೀರಾ?" ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೈಲನ್ನು ನನ್ನ ನೋಟ್‌ಬುಕ್ಕಿನ ಸಮೇತ ಅವುಚಿಕೊಂಡು ಹೊರಟೇಬಿಟ್ಟಳು.

ನಾನು ಸೇತುವೆಯ ಮೇಲೆ ಒಬ್ಬನೇ ಉಳಿದೆ. ನಿಜ ಹೇಳಬೇಕೆಂದರೆ ಆಗ ಕಾರಿನ ಚಿಂತೆ ಇರಲಿಲ್ಲ. ಅವಳ ಹತ್ತು ವರ್ಷದ ಆಸೆ ನನ್ನ ಜಂಬಕ್ಕೆ ಬಲಿಯಾದರೆ ಮನೆಯಲ್ಲಿ ಹೇಗೆ ಮುಖ ತೋರಿಸಲಿ ಎಂದುಕೊಳ್ಳುತ್ತಾ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ಎಳೆದೊಯ್ಯುವ ಲಾರಿ ಬಂದಾಗ, ಅದರ ಡ್ರೈವರ್ ನನ್ನನ್ನು ನೋಡಿ ಮೊದಲು ಕುಡಿಯಲು ನೀರು ಕೊಟ್ಟ.

ಸಂಜೆ ಹೆಂಡತಿ ಬಂದಳು. ಸೀರೆಯ ಅಂಚಿಗೆ ಗ್ರೀಸು, ಕೈಯಲ್ಲಿ ಒಂದು ಉದ್ದನೆಯ ಲಕೋಟೆ.

"ಸಿಕ್ತು ರೀ!"

ಮಾವನವರು ಉಳುಕಿದ ಸೊಂಟವನ್ನೂ ಮರೆತು ಎದ್ದು ಕೂತರು. ನನಗೆ ಕಣ್ಣು ತುಂಬಿ ಬಂತು.

"ಎರಡು ನಿಮಿಷ ಇರುವಾಗ ಗೇಟು ದಾಟಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಸೋರಿಕೆ ವರ್ಷಗಟ್ಟಲೆ ಪತ್ತೆಯಾಗದೆ ಇರೋದು ಯಾಕೆ ಅಂತ. ನಾನು ನಮ್ಮ ಕಾರಿನ ಕಥೆ ಹೇಳಿದೆ. ಮೇಲಿನಿಂದ ಎಲ್ಲರೂ ಗುಟ್ಟಾಗಿ ತುಂಬಿಸ್ತಾ ಹೋದ್ರೆ ಕೆಳಗಿನ ತೂತು ಯಾರಿಗೂ ಕಾಣಲ್ಲ ಅಂದೆ. ಸಾಕ್ಷಿಗೆ ನಿಮ್ಮ ನೋಟ್‌ಬುಕ್ ತೋರಿಸಿದೆ."

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಎದೆ ಸೆಟೆಸಿ, "ನೋಡಿದ್ಯಾ! ಕೊನೆಗೂ ನನ್ನ ನೋಟ್‌ಬುಕ್ಕೇ ನಿನಗೆ ಕೆಲಸ ಕೊಡಿಸ್ತು!" ಎಂದೆ.

"ಕೊಡಿಸ್ತು. ಕೊನೇ ಪುಟ."

"ಕೊನೇ ಪುಟವೇ?"

ಅವಳು ನೋಟ್‌ಬುಕ್ ಬಿಡಿಸಿ ಹದಿಮೂರನೆಯ ವಾರದ ಹಾಳೆಯನ್ನು ದೀಪಕ್ಕೆ ಅಡ್ಡ ಹಿಡಿದಳು. ನನ್ನ ಸಹಿಯ ನಡುವಿನಿಂದ ಬೆಳಕು ಇಣುಕಿತು. "ಹನ್ನೆರಡು ಪುಟಾನೂ ಬಾನೆಟ್ ಮೇಲಿಟ್ಟು ಬರೆದಿದ್ದೀರ, ಅಕ್ಷರ ಗಟ್ಟಿಯಾಗಿವೆ. ಇದನ್ನ ಮಾತ್ರ ಮೆತ್ತಗಿರೋದರ ಮೇಲಿಟ್ಟು ಬರೆದಿದ್ದೀರ, ಪೆನ್ನು ತೂತು ಮಾಡಿದೆ. ಇವತ್ತು ವರಾಂಡದಲ್ಲಿ ಕಾಯುವಾಗ ಕಣ್ಣಿಗೆ ಬಿತ್ತು. ಸಂದರ್ಶನ ಸಮಿತಿ ಅಧ್ಯಕ್ಷರಿಗೂ ಅದನ್ನೇ ಹೇಳಿದೆ: ಪಂಪಿನ ಸೋರಿಕೆ ಮೆಕ್ಯಾನಿಕ್ ಕಂಡುಹಿಡಿದ್ರು ಸಾರ್, ಸೋಫಾದ ಸೋರಿಕೆ ನಾನು ಕಂಡುಹಿಡಿದೆ."

ನಾನು ಜೇಬಿಗೆ ಕೈಹಾಕಿ ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟೆ. "ನಾಳೆ ಎಷ್ಟು ಹೊತ್ತಿಗೆ ಬಸ್ಸು?" ಎಂದು ಕೇಳಿದೆ.