ಹೂವಿನಲ್ಲೇ ಹಿಡಿದ ಅಳಿಯ

ನಮ್ಮ ಮಾವ ಮಗಳಿಗೆ ಗಂಡು ಹುಡುಕಲಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಉದ್ದನೆಯ ಆಳು ಹುಡುಕಿದರು. ಹುಡುಕಿದ ಆಳಿಗೆ ಮಗಳನ್ನು ಕೊಟ್ಟರು, ಅಷ್ಟೆ. ಸುಳ್ಳು ಎನ್ನುವವರು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಯಾರನ್ನಾದರೂ ಕೇಳಿ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. "ಓ, ಆ ಉದ್ದನೆ ಅಳಿಯನಾ? ಪಾಪ" ಎನ್ನುತ್ತಾರೆ. ಆ ಪಾಪ ನನಗೋ, ಮಾವನಿಗೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಲಕ್ಕೂರಿನ ನಮ್ಮ ಮನೆಗೆ ಅವರು ಗಂಡು ನೋಡಲು ಬಂದ ದಿನ ಚೆನ್ನಾಗಿ ನೆನಪಿದೆ. ಬೇರೆ ಮಾವಂದಿರು ನಕ್ಷತ್ರ ಕೇಳುತ್ತಾರೆ, ಕೆಲಸ ಕೇಳುತ್ತಾರೆ, ಹುಡುಗ ಕುಡಿಯುತ್ತಾನಾ ಎಂದು ಪಕ್ಕದ ಮನೆಯಲ್ಲಿ ಗುಟ್ಟಾಗಿ ತಿಳಿದುಕೊಳ್ಳುತ್ತಾರೆ. ಇವರು ಕಾಫಿ ಲೋಟ ಕೆಳಗಿಟ್ಟು, "ಎಲ್ಲಿ, ಒಂದ್ಸಲ ಕೈ ಮೇಲೆತ್ತಪ್ಪಾ" ಎಂದರು. ಎತ್ತಿದೆ. ಬೆರಳು ಫ್ಯಾನಿನ ರೆಕ್ಕೆಗೆ ತಾಗಿತು. ಪುಣ್ಯಕ್ಕೆ ಕರೆಂಟ್ ಇರಲಿಲ್ಲ. ಮಾವನ ಕಣ್ಣು ತುಂಬಿ ಬಂತು.

"ಜಾತಕ ತರ್ಲಾ?" ಎಂದಳು ನಮ್ಮಮ್ಮ.

"ಬೇಡ್ರಮ್ಮಾ, ನೋಡಿದ್ನಲ್ಲ" ಎಂದರು ಮಾವ.

ನಾನು ಬ್ಯಾಸ್ಕೆಟ್‌ಬಾಲ್ ಮುಟ್ಟಿದವನೇ ಅಲ್ಲ. ಆದರೆ ಅದನ್ನು ಅವರು ಕೇಳಲಿಲ್ಲ. ಕೇಳದೇ ಇದ್ದವರಿಗೆ ಹೇಳುವುದು ಹೇಗೆ?

ಈ ಹುಚ್ಚು ಅವರಿಗೆ ಹತ್ತಿದ್ದು ಮಂಡಿಯಲ್ಲೇ. ಬೆಳಗಿನ ಜಾವ ಮಾವಿನ ಲೋಡಿಗೆ ಕಾಯುತ್ತಾ ಫೋನಿನಲ್ಲಿ ಅಮೆರಿಕದ ಆಟ ನೋಡುತ್ತಿದ್ದರಂತೆ. ಅಲ್ಲಿ ಯಾವುದೋ ತಂಡ ವರ್ಷಗಟ್ಟಲೆ ಬೇಕೆಂದೇ ಸೋತು, ಸೋತವರಿಗೆ ಹೊಸ ಹುಡುಗರಲ್ಲಿ ಮೊದಲ ಆಯ್ಕೆ ಎಂಬ ನಿಯಮದ ಪ್ರಕಾರ ಒಳ್ಳೊಳ್ಳೆಯವರನ್ನು ಬಾಚಿಕೊಂಡು, ಕೊನೆಗೆ ಕಪ್ ಗೆದ್ದಿತಂತೆ. ಮಾವನಿಗೆ ಜ್ಞಾನೋದಯವಾಯಿತು. ಶ್ರೀನಿವಾಸಪುರದ ತಂಡಕ್ಕೆ ಅರ್ಧ ಯೋಜನೆ ಆಗಲೇ ಮುಗಿದಿತ್ತು, ಸೋಲುವ ಭಾಗ!

ಇನ್ನುಳಿದದ್ದು ಆಯ್ಕೆ. "ಮರ ಹೂ ಬಿಟ್ಟಾಗ್ಲೇ ತೋಟ ಹಿಡೀಬೇಕು ಅಳಿಯಾ. ಹಣ್ಣಾದ್ಮೇಲೆ ಎಲ್ರಿಗೂ ಗೊತ್ತಾಗುತ್ತೆ" ಎನ್ನುತ್ತಿದ್ದರು. ಮಂಡಿಯವರ ಬುದ್ಧಿ ಅದು. ಹೂವು ನೋಡಿಯೇ ಆ ವರ್ಷದ ಫಸಲಿಗೆ ಮಾತು ಕೊಡುವವರು. ಹೈಸ್ಕೂಲಿನ ಗೇಟಿನ ಹತ್ತಿರ ನಿಂತು ಮಕ್ಕಳ ಮುಖ ನೋಡದೆ ಪಾದ ನೋಡುತ್ತಿದ್ದರು. ಪಾದ ದೊಡ್ಡದಿದ್ದರೆ ಆಳು ಬೆಳೆಯುತ್ತಾನೆ ಎಂಬುದು ಅವರ ಲೆಕ್ಕಾಚಾರ. ಈಗೊಬ್ಬ ಆಟಗಾರನನ್ನು ಕೊಡಿ, ಮುಂದಿನ ವರ್ಷ ಬೆಳೆಯಲಿರುವವರಲ್ಲಿ ಮೊದಲ ಆಯ್ಕೆ ನಿಮ್ಮದೇ ಎಂದು ಮಾಲೂರು ತಂಡದವರಿಗೂ ಮಾತು ಕೊಟ್ಟರು, ಕೋಲಾರದವರಿಗೂ ಕೊಟ್ಟರು. ಒಂದೇ ತೋಟವನ್ನು ಇಬ್ಬರಿಗೆ ಗುತ್ತಿಗೆ ಕೊಟ್ಟರೆ ಮಂಡಿಯಲ್ಲಿ ಹೊಡೆದಾಟವಾಗುತ್ತದೆ. ಆಟದಲ್ಲಿ ಅದನ್ನು ತಂತ್ರ ಎನ್ನುತ್ತಾರಂತೆ.

ಅದಲು ಬದಲೂ ನಡೆಯಿತು. ಮುಳಬಾಗಿಲು ತಂಡವನ್ನು ನೋಡಿಕೊಳ್ಳುವವರು ಟೈರ್ ಅಂಗಡಿಯ ಭಾಯ್ ಒಬ್ಬರು. ಅಲ್ಲಿನ ಹೋಟೆಲಿನಲ್ಲಿ ದೋಸೆ ಮುಗಿಯುವಷ್ಟರಲ್ಲಿ ಮಾವ ನಮ್ಮ ಇಬ್ಬರು ಚುರುಕು ಹುಡುಗರನ್ನು ಅವರಿಗೆ ಒಪ್ಪಿಸಿ, ನಂಗಲಿಯ ಒಬ್ಬ ಎತ್ತರದ ಲಾರಿ ಡ್ರೈವರನ್ನು ಪಡೆದು ಬಂದರು. ಆಟದ ದಿನ ಆ ಮಹಾರಾಯ ಟೊಮೆಟೊ ಲೋಡು ಹೊತ್ತು ಚಿತ್ತೂರಿನಲ್ಲಿದ್ದ. ಮಾವ ಭಾಯ್‌ಗೆ ಫೋನ್ ಮಾಡಿದರು.

"ಏನ್ ಭಾಯ್, ಆಟಗಾರನೇ ಇಲ್ಲವಲ್ಲ?"

"ಕೊಟ್ಟಿದೀನಲ್ಲ ಸಾಬ್. ಲಾರಿ ನಿಲ್ಸೋದು ನಮ್ ಮಾತಲ್ಲಿ ಇರ್ಲಿಲ್ಲ."

ಅವತ್ತು ನಮ್ಮ ಬುಟ್ಟಿಗೆ ಚೆಂಡು ಹಾಕಿ ಹಾಕಿ ಸುಸ್ತಾದವರು ನಾವು ಕಳಿಸಿದ ಆ ಇಬ್ಬರು ಹುಡುಗರೇ.

ಇನ್ನು ನನ್ನ ವಿಷಯ. ಹೂವಿನಲ್ಲೇ ಹಿಡಿದ ತೋಟ ನಾನು. ಒಂದು ಕಾಯಿಯೂ ಕಚ್ಚಲಿಲ್ಲ. "ಅಡ್ಡ ನಿಂತ್ಕೋ ಅಳಿಯಾ, ಅಷ್ಟು ಸಾಕು" ಎಂದು ಮಾವ ಅಂಗಳದ ಪಕ್ಕದಿಂದ ಕೂಗುತ್ತಿದ್ದರು. ನಿಲ್ಲುತ್ತಿದ್ದೆ. ಚೆಂಡು ನನ್ನ ಕಿವಿಗೂ ಭುಜಕ್ಕೂ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು. ಕೋಪ ಹೆಚ್ಚಾದರೆ ಮಾವ ತೆಲುಗಿಗೆ ಇಳಿಯುತ್ತಿದ್ದರು. ಕರೆಂಟ್ ಕಂಬ ನೆಟ್ಟಿದ್ದರೂ ಇಷ್ಟರಲ್ಲಿ ಒಂದು ಚೆಂಡನ್ನಾದರೂ ತಡೆದಿರುತ್ತಿತ್ತು ಎಂಬುದು ಅದರ ಸಾರಾಂಶ. ನನ್ನ ಹೆಂಡತಿಯೋ, ಕೊಳೆತ ಟೊಮೆಟೊವನ್ನು ಒಲೆಯ ಹತ್ತಿರದಿಂದ ಎಸೆದರೆ ಹಿತ್ತಲ ಬಾಗಿಲಿನ ಬುಟ್ಟಿಗೇ ಬೀಳಬೇಕು. "ಅಪ್ಪ ಆಟಗಾರನ್ನ ಹುಡುಕ್ತಾ ಲಕ್ಕೂರವರೆಗೂ ಹೋದ್ರು. ಅಡುಗೆಮನೇಲಿ ನೋಡಿದ್ರೆ ಸಾಕಿತ್ತು" ಎನ್ನುತ್ತಾಳೆ.

ಅಮೆರಿಕದಲ್ಲಿ ಆಟಗಾರರ ಸಂಬಳಕ್ಕೆ ಒಂದು ಮಿತಿ ಇದೆಯಂತೆ. ಹೊಸಬ ಬೇಕೆಂದರೆ ಹಳಬನನ್ನು ಬಿಟ್ಟು ಜಾಗ ಮಾಡಿಕೊಳ್ಳಬೇಕು. ನಮ್ಮಲ್ಲಿ ಸಂಬಳವೇ ಇಲ್ಲ. ನಮ್ಮ ಮಿತಿ ಮಾವನ ಹಳೆಯ ವ್ಯಾನು. ಎಂಟು ಸೀಟು. ಏಳು ಜನ ಆಟಗಾರರು, ಅವರಲ್ಲೊಬ್ಬ ಡ್ರೈವರು, ಮುಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಮಾವ. "ತಂಡ ಕಟ್ಟೋನಿಗೆ ಮಮಕಾರ ಇರ್ಬಾರ್ದು" ಎಂದು ಹಿಂದೆ ತಿರುಗಿ ನನ್ನ ಮಡಿಚಿದ ಮಂಡಿಗಳನ್ನು ನೋಡುತ್ತಲೇ ಹೇಳುತ್ತಿದ್ದರು. ನನ್ನನ್ನು ತಗೊಳ್ಳಿ ಎಂದು ಮೂರೂ ಊರಿನವರನ್ನು ಕೇಳಿ ನೋಡಿದ್ದರು. ಪುಕ್ಕಟೆಯಾಗಿಯೂ ಯಾರೂ ಒಪ್ಪಲಿಲ್ಲ.

ಈ ವರ್ಷ ವಿಷಯ ಗಂಭೀರವಾಯಿತು. ಕೋಲಾರದ ಪಂದ್ಯಾವಳಿಯಲ್ಲಿ ಮೊದಲ ಆಟವೇ ಸೋತರೆ ತಂಡ ಮುಚ್ಚಿಬಿಡೋಣ ಎಂದು ಹುಡುಗರು ಹೇಳಿಬಿಟ್ಟರು. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಷ್ಟರಲ್ಲಿ ಮಾಲೂರಿನ ಒಬ್ಬ ಗುರಿಕಾರ ತನ್ನ ತಂಡದ ಜೊತೆ ಜಗಳವಾಡಿಕೊಂಡು, "ನಿಮ್ ಕಡೆ ಆಡ್ತೀನಿ" ಎಂದು ಬಂದ. ದೂರದಿಂದ ಎಸೆದರೂ ತಪ್ಪದವನು. ಆದರೆ ಸೀಟಿಲ್ಲ.

ಹೊರಡುವ ಬೆಳಿಗ್ಗೆ ಎಲ್ಲರೂ ವ್ಯಾನಿನ ಸುತ್ತ ನಿಂತಿದ್ದೆವು. ಕ್ಯಾಪ್ಟನ್ ತಲೆ ಕೆರೆದುಕೊಂಡು, "ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ, ಅಳಿಯಂದ್ರು ಇಳಿದ್ರೆ ಜಾಗ ಆಗುತ್ತೆ" ಎಂದ. ನಾನಂತೂ ಶೂ ಕೂಡ ಹಾಕಿಕೊಂಡಿರಲಿಲ್ಲ. ಒಳಗೊಳಗೇ ನೆಮ್ಮದಿಯಾಯಿತು, ಜೊತೆಗೆ ಸ್ವಲ್ಪ ಸಂಕಟವೂ ಆಯಿತು.

ಮಾವ ಮುಂದಿನ ಸೀಟಿನಿಂದ ತಾವೇ ಇಳಿದರು. "ನೀನು ಇಲ್ಲಿ ಕೂತ್ಕೋ. ಕಾಲು ಚಾಚೋಕೆ ಜಾಗ ಇದೆ. ಹೊಸಬ ನಿನ್ನ ಸೀಟಲ್ಲಿ ಕೂರ್ಲಿ."

"ನಾನು ಬಸ್ಸಲ್ಲಿ ಬರ್ತೀನಿ ಮಾವ."

"ಹೆಸರು ಕೊಡೋ ಹೊತ್ತಿಗೆ ಆಟಗಾರರು ಅಲ್ಲಿರ್ಬೇಕು ಕಣಯ್ಯಾ. ನೀನು ಆಟಗಾರ. ನಾನೇನು ಆಡ್ತೀನಾ?"

ನನ್ನನ್ನು ಆಟಗಾರ ಎಂದು ಅವರು ಕರೆದದ್ದು ಅದೇ ಮೊದಲು. ವ್ಯಾನಿನ ಕನ್ನಡಿಯಲ್ಲಿ ನೋಡಿದೆ. ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದರಲ್ಲಿ ಪಂಚೆಯ ತುದಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದರು.

ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತಂತೆ. ವರ್ಷಗಳಿಂದ ಕಾದಿದ್ದ ಆಟ ಮುಗಿದ ಮೇಲೆ ಅವರು ಏದುಸಿರು ಬಿಡುತ್ತಾ ಬಂದರು. ಹುಡುಗರು ಕುಣಿಯುತ್ತಿದ್ದರು.

"ನಿನ್ನ ಆಡ್ಸಿದ್ರಾ?" ಎಂದು ಮೊದಲು ಕೇಳಿದರು.

"ಇಲ್ಲ ಮಾವ. ಅದಕ್ಕೇ ಗೆದ್ವಿ."

ಅವರು ನಗಲಿಲ್ಲ. "ಛೇ" ಎಂದು ನನ್ನ ಬೆನ್ನು ತಟ್ಟಲು ಕೈ ಎತ್ತಿದರು. ಅದು ಎಟುಕದೆ ಸೊಂಟದ ಹತ್ತಿರ ಬಿತ್ತು.

ವಾಪಸ್ಸು ಹೊರಟಾಗ ಮುಂದಿನ ಸೀಟು ನಿಮ್ಮದೇ ಎಂದು ಅವರನ್ನು ಎಷ್ಟು ಎಳೆದರೂ ಹತ್ತಲಿಲ್ಲ. "ನೀನು ಹೋಗು, ನಾನು ಬರ್ತೀನಿ" ಎಂದರು. ನಾನೂ ಹತ್ತಲಿಲ್ಲ. ಇಷ್ಟು ವರ್ಷ ಮಾವ ತಲೆ ಕೆಡಿಸಿಕೊಂಡು ಹುಡುಕಿದ ಆ ಒಂದು ಜಾಗ ಅವತ್ತು ಖಾಲಿಯಾಗಿ ಶ್ರೀನಿವಾಸಪುರಕ್ಕೆ ಹೋಯಿತು.

ಬಸ್ಸಿನಲ್ಲಿ ಆಚೆ ಬದಿಯ ಕಿಟಕಿಯಿಂದ ಸಂಜೆ ಬಿಸಿಲು ನೇರ ಮಾವನ ಮುಖಕ್ಕೇ ಹೊಡೆಯುತ್ತಿತ್ತು. ಅವರು ಕೂತಲ್ಲೇ ನಿದ್ದೆ ಹೋಗಿದ್ದರು, ಹುಬ್ಬು ಗಂಟಿಕ್ಕಿತ್ತು. ನಾನು ಎದ್ದು ಆ ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಹುಬ್ಬು ಸಡಿಲವಾಯಿತು. ಊರು ಬರುವವರೆಗೂ ಹಾಗೇ ಅಡ್ಡ ನಿಂತಿದ್ದೆ.